ಕಸದ ಗೆರೆಯಿಂದ ಇಪ್ಪತ್ತು ಹೆಜ್ಜೆ

ಮೊನ್ನೆ ಕಾಮಾಕ್ಷಿಪಾಳ್ಯದ ಬಸ್ ಸ್ಟಾಪಿನ ಹಿಂದೆ ಯಾರೋ ಲಾರಿಯ ಟಾರ್ಪಾಲನ್ನು ಕಾಂಪೌಂಡ್ ಗೋಡೆಯ ಮೇಲೆ ಒಣಹಾಕಿದ್ದರು. ಮಳೆಗೆ ನೆನೆದಿದ್ದ ದಪ್ಪ ಬಟ್ಟೆ ಬಿಸಿಲಿಗೆ ನಿಧಾನವಾಗಿ ಕಾಯುತ್ತಾ ಬೂಷ್ಟು, ಎಣ್ಣೆ, ಹಳೆಯ ಹೊಗೆ ಎಲ್ಲ ಸೇರಿದ ಒಂದು ವಾಸನೆ ಬಿಡುತ್ತಿತ್ತು. ನಾನು ಹತ್ತಬೇಕಾಗಿದ್ದ ಬಸ್ಸು ಬಂದು ಹೋಯಿತು. ಎಂಬತ್ತರ ಹತ್ತಿರದ ಹೆಂಗಸೊಬ್ಬಳು ಟಾರ್ಪಾಲಿಗೆ ಮೂಗು ಹಚ್ಚಿ ನಿಂತರೆ ಜನ ಏನೆಂದುಕೊಂಡಾರು. ಅಂದುಕೊಳ್ಳಲಿ ಬಿಡಿ ಎಂದು ನಿಂತೇ ಇದ್ದೆ. ಇಂಥದೊಂದು ವಾಸನೆ ನಿಮ್ಮ ಬಳಿಯೂ ಇದ್ದೀತು, ಯಾವ ಮನೆಯೂ ಉಳಿಯದ ಮೇಲೆ ಅದೊಂದೇ ಉಳಿದಿರುವಂಥದು. ನನ್ನದು ದೊಡ್ಡಪ್ಪನ ಗುಡಾರದ ವಾಸನೆ.

ಐವತ್ತರ ದಶಕದ ಮಾತು. ಈಗ ಬಸ್ಸು ನಿಲ್ಲುವ ಕಡೆ ಆಗ ನಮ್ಮ ರಾಗಿ ಹೊಲದ ಬದು ಇತ್ತು, ಅದರಾಚೆ ನಾಡಹೆಂಚಿನ ಮನೆ. ಅಪ್ಪ ಹೊಲ, ದನ ನೋಡಿಕೊಳ್ಳುತ್ತಿದ್ದರು. ಅವರ ಅಣ್ಣನಾದ ದೊಡ್ಡಪ್ಪ ಸರ್ವೆ ಪಾರ್ಟಿಯಲ್ಲಿ ಖಲಾಸಿಯಾಗಿದ್ದವರು. ಅಳತೆಗೆ ಹೊರಟ ಸಾಹೇಬರಿಗೆ ಬೆಟ್ಟಗುಡ್ಡಗಳಲ್ಲಿ ಜಾಗ ಹುಡುಕಿ ಗುಡಾರ ಹಾಕುವುದು, ಕೆಲಸ ಮುಗಿದ ಮೇಲೆ ಕಿತ್ತು ಮಡಚುವುದು, ಇಷ್ಟರಲ್ಲೇ ಅವರ ಮೂವತ್ತು ವರ್ಷ ಕಳೆದಿತ್ತು. ಕೆಲಸ ಬಿಟ್ಟಾಗ ತೇಪೆ ಬಿದ್ದ ಹಳೆಯ ಗುಡಾರವೊಂದನ್ನು ಮನೆಗೆ ತಂದರು. ಪ್ರತಿ ವರ್ಷ ಸಂಕ್ರಾಂತಿ ಕಳೆದು, ಕಣದ ಕೆಲಸ ಮುಗಿದು, ಗಾಡಿ ಎತ್ತು ಬಿಡುವಾದ ಮೇಲೆ ಅದನ್ನು ಹೇರಿಕೊಂಡು ಅವರು, ದೊಡ್ಡಮ್ಮ, ನಾನು ಮಾಗಡಿ ರಸ್ತೆ ಹಿಡಿದು ಸಾವನದುರ್ಗದ ಕಡೆಯ ಗುಡ್ಡಗಳ ನಡುವೆ ಅರ್ಕಾವತಿ ಹೊಳೆಗೆ ಹೋಗುತ್ತಿದ್ದೆವು. ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ, ನಾನೇ ಅವರ ಮಗಳ ಹಾಗೆ ಬೆಳೆದವಳು. ಗಾಡಿ ಬ್ಯಾಡರಹಳ್ಳಿ ದಾಟುವಾಗ ಗುರುತಿನವರು ನಗುತ್ತಿದ್ದರು, ಗಟ್ಟಿ ಮನೆ ಇಟ್ಟುಕೊಂಡು ಬಯಲಲ್ಲಿ ಮಲಗೋಕೆ ಹೊರಟರು ನೋಡಿ ಎಂದು. ದೊಡ್ಡಮ್ಮನೂ ಅವರ ಜೊತೆ ನಗುತ್ತಿದ್ದರು.

ಜಾಗ ಹುಡುಕುವಾಗ ದೊಡ್ಡಪ್ಪ ಬೇರೆಯೇ ಮನುಷ್ಯ. ಗಾಡಿಯಿಂದ ಯಾರೂ ಇಳಿಯುವಂತಿರಲಿಲ್ಲ. ಮೊದಲು ಹೊಳೆಯ ದಡದ ಹೊಂಗೆ ಗಿಡಗಳನ್ನು ನೋಡುತ್ತಿದ್ದರು. ಮಳೆಗಾಲದ ನೆರೆ ತಂದ ಹುಲ್ಲು, ಕಡ್ಡಿ, ಚಿಂದಿ ರೆಂಬೆಗಳಿಗೆ ಸಿಕ್ಕಿಕೊಂಡು ಒಂದೇ ಎತ್ತರದಲ್ಲಿ ಗೆರೆ ಎಳೆದಂತೆ ಒಣಗಿರುತ್ತಿತ್ತು. ಅದು ಕಸದ ಗೆರೆ, ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದರ ಗುರುತು. ಅಲ್ಲಿಂದ ದಿಬ್ಬದ ಮೇಲಕ್ಕೆ ಇಪ್ಪತ್ತು ಹೆಜ್ಜೆ ಎಣಿಸಿ ನಿಲ್ಲುತ್ತಿದ್ದರು. ಬೀಡಿ ಹಚ್ಚಿ ಹೊಗೆ ಯಾವ ಕಡೆ ಹೋಗುತ್ತದೆಂದು ನೋಡಿ ಗುಡಾರದ ಬೆನ್ನನ್ನು ಗಾಳಿಗೆ ಕೊಡುತ್ತಿದ್ದರು. ಇರುವೆ ಸಾಲಿದ್ದರೆ ಆ ಜಾಗ ಬೇಡ. ಗೂಟದ ಮೇಲೆ ಕೊಡತಿಯಿಂದ ಏಳೆಂಟು ಏಟು ಹಾಕಿದಾಗ ಕೂತರೆ ಒಳ್ಳೆಯ ನೆಲ, ಎರಡೇ ಏಟಿಗೆ ಇಳಿದರೆ ಮರಳು. ಹಿಂದೊಮ್ಮೆ ಬೇಸಿಗೆಯಲ್ಲಿ, ಒಣಗಿದ ಹಳ್ಳದ ಮರಳಿನಲ್ಲಿ ಗುಡಾರ ಹಾಕಿದ್ದಾಗ ಮೇಲಿನ ಬೆಟ್ಟದಲ್ಲಿ ಬಿದ್ದ ಮಳೆ ಬೆಳಗಾಗುವಷ್ಟರಲ್ಲಿ ಅವರ ಜೊತೆಗಾರನೊಬ್ಬನನ್ನು ಕೊಚ್ಚಿಕೊಂಡು ಹೋಗಿತ್ತಂತೆ. ಅವನ ಮಾತನ್ನು ದೊಡ್ಡಪ್ಪ ಒಂದು ಸಲ ಮಾತ್ರ ಆಡಿದ್ದು. ಹತ್ತು ವರ್ಷದವಳಾಗುವ ಹೊತ್ತಿಗೆ ಈ ಪಾಠವೆಲ್ಲ ನನಗೆ ಬಾಯಿಪಾಠವಾಗಿತ್ತು, ಅದರ ಜಂಬವೂ ಇತ್ತು.

ಮೂರು ದಿನ ಅಲ್ಲಿ ಮಾಡುವ ಕೆಲಸವೇನೂ ಇರಲಿಲ್ಲ, ಅದೇ ಸುಖ. ಕುಡಿಯುವುದಕ್ಕೆಂದು ಮರಳಲ್ಲಿ ಮೊಣಕೈ ಆಳದ ಗುಂಡಿ ತೋಡಿ ಒರತೆಯ ನೀರು ತಿಳಿಯಾಗುವವರೆಗೆ ಕಾಯುತ್ತಿದ್ದೆವು. ಮೂರು ಕಲ್ಲಿನ ಒಲೆಯ ಮೇಲೆ ಅವರೆಕಾಳಿನ ಸಾರು, ಮುದ್ದೆ. ದೊಡ್ಡಮ್ಮ ಸೀರೆ ಎತ್ತಿ ಕಟ್ಟಿ ಇಡೀ ಮಧ್ಯಾಹ್ನ ನೀರಿನಲ್ಲಿ ಕಾಲಿಟ್ಟು ಬಂಡೆಯ ಮೇಲೆ ಕೂತಿರುತ್ತಿದ್ದರು. ಮನೆಯಲ್ಲಿ ಒಂದು ಗಳಿಗೆ ಕೂತದ್ದನ್ನು ನಾನು ಕಾಣೆ. ಮಾಘದ ಹೊಳೆ ಸಣ್ಣದು, ಅದರ ಸದ್ದೂ ಸಣ್ಣದು. ಹತ್ತಿರ ಹೋದರೆ ಮಾತ್ರ ಕೇಳುತ್ತಿತ್ತು.

ದೊಡ್ಡಮ್ಮ ನಮ್ಮ ಜೊತೆ ಬಂದ ಕೊನೆಯ ವರ್ಷ ಅವರಿಗೆ ಎದೆಯ ಕಾಯಿಲೆ ಬಲಿತಿತ್ತು. ನಾಲ್ಕು ಹೆಜ್ಜೆ ನಡೆದರೆ ಉಸಿರು ಸಿಗುತ್ತಿರಲಿಲ್ಲ. ಡಾಕ್ಟರು ಬೇಡವೆಂದರೂ ಹೊಳೆಗೆ ಹೋಗಲೇಬೇಕೆಂದು ಹಟ ಹಿಡಿದರು. ಗಾಡಿ ನಿಂತಾಗ ನೀರಿನ ಪಕ್ಕದ ಮರಳು ತೋರಿಸಿ, "ಏನೂಂದ್ರೆ, ಈ ಸಲ ಇಲ್ಲೇ ಹಾಕಿ. ಮಲಗಿದ್ದಲ್ಲೇ ನೀರಿನ ಸದ್ದು ಕೇಳಿಸ್ಬೇಕು" ಎಂದರು.

"ಅಲ್ಲಿ ಆಗಲ್ಲ ಕಣೇ, ಗೊತ್ತಲ್ಲ" ಎಂದರು ದೊಡ್ಡಪ್ಪ. ಆಗಲೇ ಅವರ ಕಣ್ಣು ಹೊಂಗೆಯ ರೆಂಬೆಗಳ ಮೇಲಿತ್ತು.

ದೊಡ್ಡಮ್ಮ ನನ್ನ ಕಡೆ ತಿರುಗಿದರು. "ನೀನಾದ್ರೂ ಹೇಳಮ್ಮ. ನಿನ್ನ ಮಾತಾದ್ರೆ ಕೇಳ್ತಾರೆ."

ಕೇಳುತ್ತಿದ್ದರು, ಅದು ನನಗೂ ಗೊತ್ತಿತ್ತು. ನಾನು ದೊಡ್ಡಪ್ಪನ ಮೆಚ್ಚುಗೆಗಾಗಿ, "ಕಸದ ಗೆರೆಗಿಂತ ಕೆಳಗೆ ಹಾಕ್ಬಾರ್ದು ದೊಡ್ಡಮ್ಮ" ಎಂದೆ.

"ಸರಿಹೋಯ್ತು, ಗುರು ಶಿಷ್ಯೆ ಇಬ್ರೂ ಒಂದೇ" ಎಂದು ನಕ್ಕರು. ನಗುವುದಕ್ಕೂ ಅವರಿಗೆ ಉಸಿರು ಸಾಲಲಿಲ್ಲ. ಇಪ್ಪತ್ತು ಹೆಜ್ಜೆ ಮೇಲೆ ಗುಡಾರ ಎದ್ದಿತು. ಮೂರು ದಿನ ದೊಡ್ಡಮ್ಮ ಅದರ ಬಾಗಿಲಲ್ಲಿ ಕಂಬಳಿ ಹೊದ್ದು ಕೂತು, ಕೆಳಗೆ ಮಿನುಗುತ್ತಿದ್ದ ನೀರನ್ನು ನೋಡಿದರು. ನಾನು ಚೊಂಬಿನಲ್ಲಿ ನೀರು ತಂದು ಅವರ ಪಾದಕ್ಕೆ ಹಾಕುತ್ತಿದ್ದೆ. ಹೊಳೆ ಒಂದು ಬೆರಳಿನಷ್ಟೂ ಏರಲಿಲ್ಲ.

ಶಿವರಾತ್ರಿಗೆ ಮೊದಲೇ ದೊಡ್ಡಮ್ಮ ಹೋದರು. ಮನೆ ತುಂಬ ಜನ ಅತ್ತರು, ನನಗೆ ಅಳು ಬರಲಿಲ್ಲ. ಅಟ್ಟಕ್ಕೆ ಹತ್ತಿ ಮಡಚಿಟ್ಟ ಗುಡಾರದ ಮೇಲೆ ಕೂತಿದ್ದೆ. ಹಸಿವಾದಾಗ ಇಳಿದು ಬಂದು ಉಂಡೆ. ಅಮ್ಮ ನನ್ನನ್ನು ಕಲ್ಲುಮನಸ್ಸಿನವಳು ಎಂದಳು. ಇದ್ದರೂ ಇರಬಹುದು. ಒಳಗೆ ಏನೋ ಜೋಮು ಹಿಡಿದಿತ್ತು, ಅದು ಬಿಟ್ಟಾಗ ಅಳು ಬರುತ್ತದೆಂದು ಕಾದೆ, ಇಷ್ಟು ವರ್ಷವಾದರೂ ಬಿಟ್ಟಿಲ್ಲ. ಮರುವರ್ಷ ಸಂಕ್ರಾಂತಿ ಕಳೆದ ಮೇಲೆ ದೊಡ್ಡಪ್ಪ ಗಾಡಿ ಕಟ್ಟಿದರು, ನಾನು ಹತ್ತಿದೆ. ಅವರು ರೆಂಬೆ ನೋಡಲಿಲ್ಲ, ಬೀಡಿ ಹಚ್ಚಲಿಲ್ಲ. ದೊಡ್ಡಮ್ಮ ತೋರಿಸಿದ್ದ ಮರಳಿನ ಮೇಲೇ ಗುಡಾರ ಹಾಕಿದರು. ಗೂಟ ನಿಲ್ಲದ್ದಕ್ಕೆ ಹಗ್ಗಗಳನ್ನು ಕಲ್ಲುಗುಂಡುಗಳಿಗೆ ಬಿಗಿದರು. ಒಳಗೆ ದೊಡ್ಡಮ್ಮನ ಕಂಬಳಿ ಹಾಸಿ, ಹೊರಗೆ ಬಂದು, ನನ್ನ ಜೊತೆ ದಿಬ್ಬದ ಮೇಲೆ ಕೂತರು. ಸಂಜೆಯವರೆಗೆ ಇಬ್ಬರೂ ನೀರು ನೋಡಿದೆವು.

"ನೆರೆ ಬರ್ಲಿಲ್ಲ ನೋಡಮ್ಮ" ಎಂದರು ದೊಡ್ಡಪ್ಪ. "ಹೋದ ವರ್ಷಾನೂ ಬರ್ತಿರ್ಲಿಲ್ಲ."

ಗುಡಾರವನ್ನು ಕೀಳದೆ ಹಾಗೇ ಬಿಟ್ಟು ಗಾಡಿ ಹೂಡಿದರು. ಮತ್ತೆ ನಾವು ಹೊಳೆಗೆ ಹೋಗಲಿಲ್ಲ.

ಆಮೇಲೆ ಅಲ್ಲಿ ಅಣೆಕಟ್ಟು ಬಂತು. ಟಾರ್ಪಾಲಿನ ವಾಸನೆ ಮೂಗಿನಿಂದ ಹೋಗದೆ, ನಿನ್ನೆ ಮೊಮ್ಮಗಳನ್ನು ಕಾಡಿ ಕಾರಿನಲ್ಲಿ ಹೋಗಿ ಬಂದೆ. ಮರಳಿಲ್ಲ, ಹೊಂಗೆಯಿಲ್ಲ, ಬಂಡೆಯಿಲ್ಲ. ಕೆಳಗಿನ ಜಾಗ, ಇಪ್ಪತ್ತು ಹೆಜ್ಜೆ ಮೇಲಿನ ಜಾಗ, ಎರಡರ ಮೇಲೂ ನೀರು ನಿಂತಿದೆ. ಚಪ್ಪಲಿ ಬಿಟ್ಟು, ನೀರಿನ ಅಂಚಿಗೇ ಹೋಗಿ ಕೂತೆ.

"ಅಜ್ಜಿ, ಅಷ್ಟು ಹತ್ರ ಕೂರ್ಬೇಡ, ಮೇಲೆ ಬಾ" ಎಂದಳು ಮೊಮ್ಮಗಳು.

ನಾನು ಏಳಲಿಲ್ಲ. ದೊಡ್ಡಮ್ಮ ಕೇಳಬೇಕೆಂದಿದ್ದನ್ನು ಅವರ ಬದಲು ನಾನಾದರೂ ಕೇಳೋಣವೆಂದು ತುಂಬ ಹೊತ್ತು ಕಿವಿಗೊಟ್ಟು ಕೂತಿದ್ದೆ. ಕಟ್ಟಿ ನಿಲ್ಲಿಸಿದ ನೀರು, ಅದಕ್ಕೆ ಸದ್ದೇ ಇರಲಿಲ್ಲ.