ಹಲಗೆಯ ಮೇಲಿನ ಸ್ಟೇಷನ್

ನಮ್ಮ ಟೇಸನ್ ದೊಡ್ಡಮ್ಮನ ಬೆರಳ ತುದಿಗಳಲ್ಲಿ ಯಾವಾಗಲೂ ಒಣಗಿದ ಮೈದಾ ಅಂಟಿನ ಪೊರೆ ಇರುತ್ತಿತ್ತು. ಮಾತಾಡುತ್ತಲೇ ಅದನ್ನು ಹೆಬ್ಬೆರಳಿನಿಂದ ಸುಲಿದು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಹಾಗಾಗಿ ಆಕೆಯ ಯಾವ ಸೀರೆ ನೋಡಿದರೂ ಸೆರಗಿನ ಒಂದು ಮೂಲೆ ಗಂಜಿ ಹಾಕಿದಂತೆ ಸೆಟೆದುಕೊಂಡಿರುತ್ತಿತ್ತು.

ಆಕೆಯ ಸುದ್ದಿ ಬಂದಾಗ ನಾನು ಜೋಳ ಹಸನು ಮಾಡುತ್ತಿದ್ದೆ. ಬಿಸಿಲೇರುವ ಮುಂಚೆ ಗಿರಣಿಗೆ ಕಳಿಸಬೇಕಿತ್ತು. ಹಾಲು ಹಾಕುವಾಕೆ ಬಾಗಿಲಲ್ಲಿ ನಿಂತು, "ಟೇಸನ್ ಅಮ್ಮ ಏಳವಲ್ಲಳಬೇ. ಎಷ್ಟು ಕೂಗಿದ್ರೂ ಏಳವಲ್ಲಳು. ನೀನರ ಬಂದು ನೋಡು" ಅಂದಳು. ಮೊರ ಅಲ್ಲೇ ಬಿಟ್ಟು ಓಡಿದೆ. ದೊಡ್ಡಮ್ಮ ಚಾಪೆಯ ಮೇಲೆ ಮಗ್ಗುಲಾಗಿ ಮಲಗಿದ್ದಳು. ಮೈ ಆಗಲೇ ತಣ್ಣಗಾಗಿತ್ತು. ನಾನು ಬಾಯಿಗೆ ಸೆರಗು ಒತ್ತಿಕೊಂಡು ಅತ್ತರೆ, ಆಕೆಯ ಗಂಡ ನನ್ನನ್ನೇ ಗದರಿಸಿದರು: "ಗದ್ದಲ ಮಾಡಬ್ಯಾಡ. ಆಕಿ ಮಲಗ್ಯಾಳ."

ದೊಡ್ಡಮ್ಮ ನನಗೆ ಸಂಬಂಧಿಯಲ್ಲ. ಕೊಟ್ಟೂರಿಗೆ ಸೊಸೆಯಾಗಿ ಬಂದ ಮೇಲೆ ದೇವರು ಕೊಟ್ಟ ಪಕ್ಕದ ಮನೆ. ಆಕೆಯ ಗಂಡನನ್ನು ದೊಡ್ಡಪ್ಪ ಎನ್ನುತ್ತಿದ್ದೆ. ಅವರು ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವರು. ಗಾಡಿ ಬರುವ ಹೊತ್ತಿಗೆ ಹಳಿ ಬದಲಿಸುವುದು, ಹಸಿರು ಬಾವುಟ ತೋರಿಸುವುದು ಅವರ ಕೆಲಸ. ಹೊಸಪೇಟೆಯಿಂದ ಕೊಟ್ಟೂರಿನವರೆಗಿನ ಸಣ್ಣ ಗೇಜಿನ ದಾರಿಯಲ್ಲೇ ಅವರ ನೌಕರಿ ಸವೆದಿತ್ತು. ಅವರು ರಿಟೈರಾದ ಮೇಲೆ ಆ ಪ್ಯಾಸೆಂಜರ್ ಗಾಡಿಯೂ ನಿಂತಿತು. ದೊಡ್ಡ ಗೇಜು ಹಾಕಲು ಹಳೆಯ ಹಳಿ ಕಿತ್ತರು. ಅದೇ ಸಮಯಕ್ಕೆ ದೊಡ್ಡಪ್ಪನ ತಲೆಯಿಂದ ಒಂದೊಂದೇ ನೆನಪು ಕಳಚತೊಡಗಿತು. ಉಂಡದ್ದು ಮರೆತರು, ನನ್ನ ಹೆಸರು ಮರೆತರು. ಡ್ಯೂಟಿ ಮಾತ್ರ ಮರೆಯಲಿಲ್ಲ.

ಹೊತ್ತು ಇಳಿದರೆ ಸಾಕು, ಖಾಕಿ ಅಂಗಿ ತೊಟ್ಟು, "ಗಾಡಿ ಟೈಮಾತು" ಎಂದು ಹೊರಟುಬಿಡುತ್ತಿದ್ದರು. ಒಮ್ಮೆ ಅದೇ ದಾರಿಯ ಮಾಲವಿ ಸ್ಟೇಷನ್ನಿನ ಹತ್ತಿರ ಸಿಕ್ಕರು. ಜಲ್ಲಿಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದು ಪಾದವೆಲ್ಲ ರಕ್ತ. ಅದನ್ನು ಕೇಳಿ ಹರಪನಹಳ್ಳಿಯಿಂದ ಅವರ ತಮ್ಮನ ಮಗ ಬಂದ. ಕೆಟ್ಟ ಹುಡುಗನಲ್ಲ, ಹೆದರಿದ್ದ.

"ದೊಡ್ಡವ್ವಾ, ಕಾಲಿಗೊಂದು ಹಗ್ಗ ಕಟ್ಟಿಬಿಡು. ಇಲ್ಲಾಂದ್ರ ಒಂದಿನ ಲಾರಿ ಕೆಳಗ ಸಿಗತಾರ."

"ಹಗ್ಗ ದನಕ್ಕಪ್ಪ. ಇವ್ರಿಗೆ ಬೇಕಾಗಿರೋದು ಡ್ಯೂಟಿ. ನಾ ಮನ್ಯಾಗ ಡ್ಯೂಟಿ ಕೊಡ್ತೀನಿ" ಅಂದಳು ದೊಡ್ಡಮ್ಮ.

ಹೀಗೆ ಶುರುವಾಯಿತು ಆ ಕಟ್ಟೋಣ. ನಮ್ಮ ಮನೆಯವರು ಹೊಸಪೇಟೆಗೆ ಹೋದಾಗ ಕೀಲಿ ತಿರುಗಿಸಿದರೆ ಓಡುವ ತಗಡಿನ ರೈಲು, ದುಂಡಗೆ ಜೋಡಿಸುವ ಅದರ ಹಳಿ, ಜೊತೆಗೆ ನಾಲ್ಕಾರು ಪ್ಲಾಸ್ಟಿಕ್ ಮನೆಗಳನ್ನು ತಂದುಕೊಟ್ಟರು. ದೊಡ್ಡಮ್ಮ ಪಡಸಾಲೆಯಲ್ಲಿ ಎರಡು ಟ್ರಂಕುಗಳ ಮೇಲೆ ಹಳೆಯ ಬಾಗಿಲ ಹಲಗೆ ಮಲಗಿಸಿ ಎಲ್ಲ ಜೋಡಿಸಿದಳು. ದೊಡ್ಡಪ್ಪ ಬಂದು ನೋಡಿದರು. ಕಡಿದಾದ ಕೆಂಪು ಮಾಡು, ಹೊಗೆ ಕೊಳವೆ, ಕಿಟಕಿಯ ಕೆಳಗೆ ಹೂವಿನ ಕುಂಡ.

"ಇದ್ಯಾ ಊರಬೇ? ಇಲ್ಲಿಗೆ ನನಗ ಟ್ರಾನ್ಸ್‌ಫರ್ ಬ್ಯಾಡ" ಎಂದು ಹೊರಟೇಹೋದರು.

ದೊಡ್ಡಮ್ಮ ನಕ್ಕಳು. ಮರುದಿನವೇ ಕತ್ತರಿ ಹಿಡಿದು ಕೂತಳು. ಹೊಗೆ ಕೊಳವೆ ಕತ್ತರಿಸಿದಳು, ಕುಂಡ ಕಿತ್ತಳು. ಆದರೂ ಅವು ನಮ್ಮ ಕಡೆಯ ಮನೆಗಳಾಗಲಿಲ್ಲ. ಕೊನೆಗೆ ಎಲ್ಲ ತೆಗೆದುಹಾಕಿ, ಕೈಚೀಲ ಹಿಡಿದು ಅಂಗಡಿ ಅಂಗಡಿ ತಿರುಗಿ ಖಾಲಿ ಡಬ್ಬಿ ಆರಿಸತೊಡಗಿದಳು. ಕಿರಾಣಿಯವನು ಚೇಷ್ಟೆ ಮಾಡುತ್ತಿದ್ದ: "ಡಬ್ಬಿ ಬಿಟ್ಟು ಸಾಮಾನು ಒಯ್ಯೋರು ಅದಾರ, ಸಾಮಾನು ಬಿಟ್ಟು ಡಬ್ಬಿ ಒಯ್ಯಾಕಿ ನೀನೊಬ್ಬಾಕಿ ನೋಡಬೇ."

"ನಿನ್ನ ಅಂಗಡಿಗಿಂತ ಚಂದನ ಗೋದಾಮು ಕಟ್ಟಾಕತ್ತೀನಿ, ಬಂದು ನೋಡು" ಎನ್ನುತ್ತಿದ್ದಳು ಈಕೆ.

ಆರಿಸುವಾಗ ಸಡಿಲ ಬಿಡುವವಳಲ್ಲ. ವಿಭೂತಿ ಗಟ್ಟಿಯ ರಟ್ಟಿನ ಡಬ್ಬಿ ಸ್ಟೇಷನ್ನಿಗೆ. ಊದುಬತ್ತಿಯ ಅಗಲ ಡಬ್ಬಿ ಗೋದಾಮಿಗೆ. ಕಡ್ಡಿಪೆಟ್ಟಿಗೆಗಳನ್ನು ಬೆನ್ನಿಗೆ ಬೆನ್ನು ಹಚ್ಚಿದರೆ ಕ್ವಾರ್ಟರ್ಸ್. ಡಬ್ಬಿಯ ಮೇಲಿನ ಬಣ್ಣದ ಚಿತ್ರ ಕಾಣದಂತೆ ಕಾಗದ ಅಂಟಿಸಿ ಸುಣ್ಣ ಬಳಿಯುವುದು. ಸ್ಟೇಷನ್ನಿಗೆ ಹಳದಿ ಬೇಕೆಂದು ಒಮ್ಮೆ ಅವಸರದಲ್ಲಿ ಸುಣ್ಣಕ್ಕೆ ಅರಿಶಿನ ಕಲಸಿಬಿಟ್ಟಳು. ಅದು ಆರತಿ ನೀರಿನ ಹಾಗೆ ಕೆಂಪಾಯಿತು. "ಜೀವನಪೂರ್ತಿ ಆರತಿ ಮಾಡಿ ಇಷ್ಟು ತಿಳೀದಂಗ ಆತಲ್ಲ ನನಗ" ಎಂದು ಹಣೆ ಬಡಿದುಕೊಂಡಳು. ದೊಡ್ಡಪ್ಪ ಇಣುಕಿ ನೋಡಿ, "ಇದು ಪೊಲೀಸ್ ಠಾಣೆ" ಅಂದರು. ಹೊಸದಾಗಿ ಕಟ್ಟಿದಳು.

ಗೋದಾಮಿನ ಮುಂದೆ ಬಟ್ಟೆ ಚೂರಿನಲ್ಲಿ ಮರಳು ತುಂಬಿ ಹೊಲಿದ ಶೇಂಗಾ ಚೀಲಗಳು. ಕ್ವಾರ್ಟರ್ಸಿನ ಹಿತ್ತಿಲಲ್ಲಿ ದಾರದ ಬಟ್ಟೆ ಹಗ್ಗ, ಹುಣಸೆ ಬೀಜದ ಒಗೆಯುವ ಕಲ್ಲು. ಹಳದಿ ಕಾಗದದ ಮೇಲೆ ಕಪ್ಪು ಅಕ್ಷರದಲ್ಲಿ ಊರಿನ ಹೆಸರನ್ನು ನನ್ನಿಂದ ಬರೆಸಿದಳು. ಒಂದೊಂದು ಮುಗಿದಾಗಲೂ ದೊಡ್ಡಪ್ಪನ ಬೆರಳು ಹಿಡಿದು ಗೋಡೆ ಮುಟ್ಟಿಸಿ, "ಸರಿ ಐತೇನ್ರಿ?" ಎಂದು ಕೇಳುತ್ತಿದ್ದಳು. ಒಮ್ಮೊಮ್ಮೆ ಅವರು ತಲೆಯಾಡಿಸುತ್ತಿದ್ದರು. "ಅಷ್ಟರ ಆತಲ್ಲ" ಎನ್ನುತ್ತಿದ್ದಳು. ಅದು ಆಕೆಯ ಮಂತ್ರ. ಮಳೆ ನಾಲ್ಕು ಹನಿ ಬಿದ್ದರೂ ಅಷ್ಟರ ಆತಲ್ಲ. ಗಂಡ ಎರಡು ತುತ್ತು ಉಂಡರೂ ಅಷ್ಟರ ಆತಲ್ಲ.

ಎಲ್ಲ ಕಟ್ಟಿ ಮುಗಿದರೂ ದೊಡ್ಡಪ್ಪ ಹಲಗೆಯ ಮುಂದೆ ಕೂರಲಿಲ್ಲ. ಸಂಜೆಗೆ ಮತ್ತೆ ಖಾಕಿ ಅಂಗಿ, ಮತ್ತೆ ಬಾಗಿಲು. ಆಕೆ ಅಡ್ಡ ನಿಂತು, "ಇಲ್ಲೇ ಐತಲ್ರಿ ಸ್ಟೇಷನ್" ಅಂದರೆ ಅವರು ಆ ಸಾಲು ಮನೆಗಳತ್ತ ಕೈ ತೋರಿ, "ಅದು ಖಾಲಿ ಊರು. ಯಾರೂ ಒಳಗ ಹೊಕ್ಕಿಲ್ಲ. ಅಲ್ಲಿ ಗಾಡಿ ಯಾಕ ನಿಲ್ಲತೈತಿ?" ಅಂದರು.

ದೊಡ್ಡಮ್ಮ ನನ್ನ ಕಡೆ ತಿರುಗಿ, "ಹಾಲು ಉಕ್ಕಿಸಿಲ್ಲ ನೋಡಬೇ! ಎಲ್ಲಿಗೆ ಟ್ರಾನ್ಸ್‌ಫರ್ ಆದ್ರೂ, ಹೊಸ ಕ್ವಾರ್ಟರ್ಸಿನಾಗ ಹಾಲು ಉಕ್ಕೋತನಕ ಇವ್ರು ಹೊಸ್ತಿಲ ದಾಟತಿದ್ದಿಲ್ಲ. ಟ್ರಂಕು ಹಾಸಿಗಿ ಎಲ್ಲಾ ಬಿಸಿಲಾಗ ಇರತಿದ್ವು" ಅಂದಳು.

ನನಗೆ ಭಯವಾಯಿತು. ನಾನು ದಿನಾ ಲಿಂಗಪೂಜೆ ಮಾಡದೆ ನೀರು ಮುಟ್ಟುವವಳಲ್ಲ. "ದೊಡ್ಡಮ್ಮ, ರಟ್ಟಿನ ಮನಿಗೆ ಗೃಹಪ್ರವೇಶ ಮಾಡಿದ್ರ ಶಿವನ ಹೆಸರಿನ್ಯಾಗ ಆಟ ಆಡಿದಂಗ ಆಕ್ಕೈತಿ" ಅಂದೆ.

ಆಕೆ ನನ್ನ ಮುಖ ನೋಡಿದಳು. "ನಾ ಆಟ ಆಡಾಕತ್ತಿಲ್ಲವ್ವ" ಅಂದಳು.

ಸೋಮವಾರ ಬೆಳಿಗ್ಗೆ ನಾನೇ ಪತ್ರೆ, ಹೂವು ಒಯ್ದೆ. ಹಣತೆ ಹಚ್ಚಿದೆವು. ದೊಡ್ಡಮ್ಮ ಒಳಮನೆಯ ಟ್ರಂಕಿನ ತಳದಿಂದ ಕೂಸಿಗೆ ಹಾಲು ಹಾಕುವ ಹಿತ್ತಾಳೆಯ ಒಳಲೆ ತೆಗೆದಳು. ಮಕ್ಕಳಿಲ್ಲದ ಮನೆಯಲ್ಲಿ ಒಳಲೆ ಎಲ್ಲಿಂದ ಬಂತು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಇಕ್ಕಳದಲ್ಲಿ ಹಿಡಿದು ಹಣತೆಯ ಮೇಲೆ ಕಾಯಿಸಿದಳು. ಹಾಲು ಉಕ್ಕಿ ಕ್ವಾರ್ಟರ್ಸಿನ ಅಂಗಳಕ್ಕೆ ಹರಿಯಿತು. ದೊಡ್ಡಪ್ಪ ಯಾರೂ ಹೇಳದೆ ಎದ್ದುಹೋಗಿ ಕಾಲು ತೊಳೆದು ಬಂದರು. ಹಣೆಗೆ ವಿಭೂತಿ ಹಚ್ಚಿಕೊಂಡು, ಕೈಮುಗಿದು, ಹಲಗೆಯ ಮುಂದೆ ಕೂತು ರೈಲಿಗೆ ಕೀಲಿ ಕೊಟ್ಟರು. ಅಂದು ಸಂಜೆ ಅವರು ಬೀದಿಗೆ ಇಳಿಯಲಿಲ್ಲ. ಮರುದಿನವೂ ಇಳಿಯಲಿಲ್ಲ. ಶಿವ ಯಾವುದರಿಂದ ಮೆಚ್ಚುತ್ತಾನೆ, ಯಾವುದರಿಂದ ಮುನಿಯುತ್ತಾನೆ ಎಂದು ನಾನು ಅಂದಿನಿಂದ ತೀರ್ಪು ಕೊಡುವುದನ್ನು ಬಿಟ್ಟೆ.

ಕೆಲವು ವರ್ಷ ಹೀಗೆ ಸುಖವಾಗಿ ನಡೆಯಿತು. ಗೋಡೆ ಹಳತಾದರೆ ದೊಡ್ಡಮ್ಮ ಬೇರೆ ಕಟ್ಟುವಳು. ದೊಡ್ಡಪ್ಪ ಹಗರಿಬೊಮ್ಮನಹಳ್ಳಿಯ ನೀರಿನ ಟ್ಯಾಂಕು ನೆನೆಸಿಕೊಂಡರೆ ಅದೂ ಒಂದು ಡಬ್ಬಿಯಾಗಿ ಹಲಗೆಯ ಮೇಲೆ ನಿಲ್ಲುವುದು.

ಒಂದು ಸಂಜೆ ನಾನೂ ಅಲ್ಲೇ ಇದ್ದೆ. ದೊಡ್ಡಪ್ಪ ಕ್ವಾರ್ಟರ್ಸಿನ ಬಾಗಿಲೊಳಗೆ ಬೆರಳು ತೂರಿಸಿ ಏನೋ ತಡಕಾಡಿದರು. "ತೊಟ್ಟಿಲು ಎಲ್ಲೈತಿ?" ಎಂದು ಕೇಳಿದರು.

ದೊಡ್ಡಮ್ಮನ ಕೈಯಲ್ಲಿದ್ದ ಕತ್ತರಿ ನಿಂತಿತು. "ಬಟ್ಟಿ ಒಗಿಯಾಕ ಬಿಚ್ಚೀನ್ರಿ. ನಾಳೆ ಕಟ್ತೀನಿ" ಅಂದಳು.

ಮರುದಿನ ಶೇಂಗಾ ಸಿಪ್ಪೆಯ ಅರ್ಧ ಹೋಳಿಗೆ ನಾಲ್ಕು ದಾರ ಕಟ್ಟಿ ಒಳಗೆ ತೂಗುಹಾಕಿದಳು. ಆಮೇಲೆ ನಮ್ಮ ಅಡುಗೆಮನೆಗೆ ಬಂದು ನನ್ನ ಹತ್ತಿರ ಕುಕ್ಕರಿಸಿದಳು. "ಮಾಲವಿಯಾಗ ಇದ್ದಾಗ ಹುಟ್ಟಿತ್ತು. ಹೆಣ್ಣು. ಹೆಸರಿಡೋಕಿಂತ ಮೊದಲ ಹೋತು. ಇವ್ರು ತಾವ ಎತ್ತಿಗೊಂಡು ಹೋಗಿ ಮಣ್ಣು ಮಾಡಿ ಬಂದು, ಆ ಸಂಜಿ ಗಾಡಿಗೆ ಬಾವುಟ ತೋರಿಸ್ಯಾರ. ಅವತ್ತಿನಿಂದ ಇವತ್ತಿನತನಕ ಆ ಮಾತು ಎತ್ತಿದ್ದಿಲ್ಲ. ಈಗ ಇವ್ರ ಪಾಲಿಗೆ ಅದು ಮಲಗೈತಿ ನೋಡು. ಇಬ್ಬರಾಗ ಒಬ್ಬರಿಗಾದ್ರೂ ಮರತುಹೋತು. ಅಷ್ಟರ ಆತಲ್ಲ." ಹೀಗೆ ಹೇಳಿ, ಬೆರಳಿನ ಅಂಟು ಸುಲಿಯುತ್ತಾ ಕೂತಳು. ಅಳಲಿಲ್ಲ. ನಾನೇ ಅತ್ತೆ.

ಆಕೆಗೆ ಇದ್ದದ್ದು ಒಂದೇ ಭಯ. "ನಾ ಮೊದಲ ಹೋದ್ರ ಇವ್ರನ್ನ ಕೂಡಿಹಾಕ್ತಾರ. ಅದೊಂದು ಆಗಬಾರದು ನೋಡವ್ವ" ಎಂದು ಪದೇ ಪದೇ ಹೇಳುತ್ತಿದ್ದಳು. "ನಾನಿಲ್ಲೇನು?" ಎನ್ನುತ್ತಿದ್ದೆ. ಬಾಯಿಮಾತಿಗೆ ಹೇಳಿದ್ದಲ್ಲ. ಆದರೂ ಆ ದಿನ ಬಂದೇ ಬರುತ್ತದೆ ಎಂದು ನಂಬಿರಲಿಲ್ಲ.

ಬಂತು. ಮಧ್ಯಾಹ್ನವೇ ಮಣ್ಣು ಮಾಡಿದರು. ಹರಪನಹಳ್ಳಿಯ ಹುಡುಗನೇ ಎಲ್ಲ ಕಾರ್ಯ ಮಾಡಿದ. ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಅವನು ದೊಡ್ಡಪ್ಪನನ್ನು ತನ್ನ ಮನೆಗೆ ಕರೆದೊಯ್ದ. ಅವನ ಹೆಂಡತಿ ಅವರಿಗೆ ಕೈತುತ್ತು ಕೊಟ್ಟಳು. ಕಟ್ಟಲಿಲ್ಲ, ಕೂಡಿಹಾಕಲಿಲ್ಲ. ಮುಂದಿನ ಮುಂಗಾರಿಗೆ ಮೊದಲೇ ಅವರೂ ಲಿಂಗೈಕ್ಯರಾದರು. ಇಷ್ಟನ್ನು ಕರುಣಿಸಿದ್ದಕ್ಕೆ ಆ ಕೊಟ್ಟೂರೇಶನಿಗೆ ದಿನಾ ಕೈಮುಗಿಯುತ್ತೇನೆ. ಆದರೆ ಮಣ್ಣು ಮಾಡಿದ ಆ ಸಂಜೆ ಇದು ಯಾವುದೂ ನಮಗೆ ಗೊತ್ತಿರಲಿಲ್ಲ.

ಅಂದು ದೊಡ್ಡಪ್ಪ ಎಂದಿನ ಹೊತ್ತಿಗೆ ಹಲಗೆಯ ಮುಂದೆ ಕೂತು ಕೀಲಿ ಕೊಟ್ಟರು. ಗಾಡಿ ಒಂದು ಸುತ್ತು ಬಂದು ಸ್ಟೇಷನ್ನಿನ ಮುಂದೆ ನಿಂತಿತು. ಅವರು ಬಗ್ಗಿ ನೋಡಿದರು. ಮತ್ತೆ ಕೀಲಿ ಕೊಟ್ಟರು, ಮತ್ತೆ ನೋಡಿದರು. ಆಮೇಲೆ ಎದ್ದು ನಿಂತರು.

"ಗಾಡಿ ಬಂತು. ಆಕಿ ಇಳೀಲಿಲ್ಲ. ನೋಡಿ ಬರ್ತೀನಿ."

ಹುಡುಗ ಹೋಗಿ ಬಾಗಿಲಿಗೆ ಚಿಲಕ ಹಾಕಿದ. "ಅಕ್ಕಾ, ಇವತ್ತೊಂದಿನ ಒಳಗ ಇರ್ಲಿ. ನನ್ನ ಕೈಲಿ ಇನ್ನ ಆಗಾದಿಲ್ಲ" ಎಂದು ಗೋಡೆಗೆ ಒರಗಿ ಅಳತೊಡಗಿದ. ಅವನದೂ ತಪ್ಪಲ್ಲ. ನಾನು ಚಿಲಕ ತೆಗೆದೆ. "ನಾ ಕರಕೊಂಡು ಹೋಗಿ ಬರ್ತೀನಿ, ನೀ ಕೂಡಪ್ಪ" ಎಂದು ದೊಡ್ಡಪ್ಪನ ಕೈ ಹಿಡಿದೆ. ಊರ ಬೀದಿಯಲ್ಲಿ ಪರಗಂಡಸಿನ ಕೈ ಹಿಡಿದು ನಡೆದದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ.

ಸ್ಟೇಷನ್ನಿನಲ್ಲಿ ಯಾರೂ ಇರಲಿಲ್ಲ. ಅವರು ಪ್ಲಾಟ್‌ಫಾರ್ಮಿನ ಅಂಚಿಗೆ ನಿಂತು ಹೊಸಪೇಟೆಯ ದಿಕ್ಕಿಗೆ ನೋಡಿದರು. ಏನು ಹೇಳಲಿ ಎಂದು ನಾನು ದೇವರನ್ನು ಕೇಳುತ್ತಿದ್ದೆ. ಸತ್ತಳು ಎಂದರೆ ಮತ್ತೆ ಮರೆತು ಮತ್ತೆ ಕೇಳುತ್ತಾರೆ; ಪ್ರತಿ ಸಲವೂ ಅವರಿಗೆ ಅದು ಹೊಸ ಸಾವು. ಬರುತ್ತಾಳೆ ಎನ್ನಲು ನಾಲಿಗೆ ಏಳಲಿಲ್ಲ.

ಕತ್ತಲಾಗುತ್ತಾ ಬಂತು. ದೊಡ್ಡಪ್ಪ ತಾವೇ ತಿರುಗಿ ನನ್ನ ಭುಜ ತಟ್ಟಿದರು. "ಹೊತ್ತಾತು ನಡಿಯವ್ವ. ನಾ ಹೋಗೋತನಕ ಆಕಿ ಉಣ್ಣಂಗಿಲ್ಲ. ಹಂಗ ಕುಂತಿರತಾಳ."

ಬಿರಬಿರನೆ ನಡೆದರು. ನಾನೇ ಹಿಂದೆ ಬಿದ್ದೆ.

ಅವರನ್ನು ಹುಡುಗನ ಕೈಗೆ ಒಪ್ಪಿಸಿ ಮನೆಗೆ ಬಂದೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ; ಊಟ ನಮ್ಮ ಮನೆಯಿಂದಲೇ ಹೋಗಬೇಕು. ಒಲೆಯ ಮೇಲೆ ಎಸರಿಟ್ಟು, ಹಿಟ್ಟು ನಾದುವ ಕೊಣಮಿಗೆಗೆ ಜೋಳದ ಹಿಟ್ಟು ಸುರಿದು, ರೊಟ್ಟಿ ಬಡಿಯಲು ಕೂತೆ.