ಪ್ರದಕ್ಷಿಣೆ ಹಾಕುವ ಲೇತ್

ಮಾವನವರ ಕಟ್ಟಿಗೆ ಕಡೆಯುವ ಲೇತಿಗೆ ಹೊಸ ಚಕ್ ಕೂಡಿಸಿದ್ದನ್ನು ಹೇಳುವ ಮೊದಲು ಅತ್ತೆಯವರ ಹಲ್ಲುಪುಡಿ ಡಬ್ಬಿಯ ವಿಷಯ ಹೇಳಬೇಕು. ಎಲ್ಲಾ ರಾಮಾಯಣಕ್ಕೂ ಅದೇ ಮೂಲ.

ಮಾವ ಹಳಿಯಾಳದಲ್ಲಿ ತೊಟ್ಟಿಲ ಕಂಬ, ಮಂಚದ ಕಾಲು, ಲಟ್ಟಣಿಗೆ, ಕಡಗೋಲು ಕಡೆದು ಹೆಸರು ಮಾಡಿದವರು. ಅತ್ತ ಮುಂಡಗೋಡದ ಚಿಗಳ್ಳಿಯಿಂದಲೂ ತೊಟ್ಟಿಲಿಗೆ ಜನ ಬರುತ್ತಿದ್ದರು. ಮದುವೆಯಾದ ಹೊಸತರಲ್ಲಿ ಅತ್ತೆಗೆ ಒಂದು ಮಾತು ಕೊಟ್ಟುಬಿಟ್ಟಿದ್ದರಂತೆ: ಕುಂಕುಮದ ಭರಣಿಯನ್ನು ನನ್ನ ಕೈಯಾರೆ ಮಾಡಿ ಕೊಡ್ತೇನಿ. ಹುಮ್ಮಸ್ಸಿನಲ್ಲಿ ಹೇಳಿದರು, ಆಮೇಲೆ ನೋಡಿದರೆ ಲೇತ್ ಒಪ್ಪಲಿಲ್ಲ. ಹಳೇ ಲೇತು ಕಟ್ಟಿಗೆಯನ್ನು ಎರಡೂ ತುದಿಗೆ ಹಿಡಿದು ತಿರುಗಿಸುತ್ತದೆ. ಎರಡೂ ತುದಿ ಹಿಡಿದ ಮೇಲೆ ಒಳಗೆ ಉಳಿ ಹಾಕಿ ಹೊಟ್ಟೆ ಕೊರೆಯುವುದು ಎಲ್ಲಿಂದ? ಉದ್ದನೆಯದೆಲ್ಲ ಆಯಿತು, ಭರಣಿ ಮಾತ್ರ ಆಗಲಿಲ್ಲ.

ಅತ್ತೆ ಜಗಳ ಮಾಡುವ ಪೈಕಿ ಅಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದರು. ಕುಂಕುಮವನ್ನು ಹಲ್ಲುಪುಡಿ ಡಬ್ಬಿಯಲ್ಲಿ ಹಾಕಿಟ್ಟರು. ಮನೆಗೆ ಬಂದ ಪ್ರತಿಯೊಬ್ಬ ಮುತ್ತೈದೆಗೂ ಆ ಡಬ್ಬಿಯನ್ನೇ ಮುಂದೆ ಹಿಡಿದು, ಮಾವನಿಗೆ ಕೇಳಿಸುವ ಹಾಗೆ ಹೇಳುತ್ತಿದ್ದರು: "ಹಚ್ಕೋರಿ. ಮನ್ಯಾಗ ಭರಣಿ ತಯಾರಾಗಾಕತ್ತೈತಿ, ಅದು ಬರೂತನಕ ಇದ ಗತಿ." ನಾನು ಸೊಸೆಯಾಗಿ ಬಂದಾಗ ನನ್ನ ಹಣೆಗೂ ಕುಂಕುಮ ಬಂದಿದ್ದು ಅದೇ ಡಬ್ಬಿಯಿಂದ. ನನ್ನ ಮಗಳಿಗೂ ಅಲ್ಲಿಂದಲೇ.

ಹೋದ ವರ್ಷ ಮಾವನ ಕೈ ಸಣ್ಣಗೆ ನಡುಗಲು ಶುರುವಾಯಿತು. ಒಂದು ದಿನ ಚಹಾದ ಬಸಿ ಕೆಳಗಿಟ್ಟು, "ಯವ್ವಾ, ಕೈ ಪೂರಾ ಕೆಡೂದ್ರಾಗ ಅದೊಂದು ಭರಣಿ ಆಗಿದ್ರ ಭೇಷಿತ್ತು" ಅಂದರು. ಅವತ್ತೇ ಮೊಬೈಲಿನಲ್ಲಿ ಹುಡುಕಿದೆ. ಚಕ್ ಅಂತ ಒಂದು ಬರುತ್ತದೆ, ನಾಲ್ಕು ದವಡೆಯ ಕಬ್ಬಿಣದ ಸಾಮಾನು. ಕಟ್ಟಿಗೆಯ ಒಂದೇ ತುದಿಯನ್ನು ಕಚ್ಚಿ ಹಿಡಿಯುತ್ತದೆ, ಇನ್ನೊಂದು ತುದಿಯಲ್ಲಿ ನಾವು ಬೇಕಾದ ಹಾಗೆ ಕೊರೆಯಬಹುದು. ತರಿಸಿಯೇ ಬಿಟ್ಟೆ.

ಬಂದ ಚಕ್ಕಿನ ತೂತು ಸಣ್ಣದು, ಅದನ್ನು ತಿರುವಿ ಕೂಡಿಸಬೇಕಾದ ನಮ್ಮ ಲೇತಿನ ತಿರುಪಿನ ದಂಡ ದಪ್ಪ. ನಡುವೆ ಕೂಡಿಸಲು ಒಂದು ಬಿಲ್ಲೆಯನ್ನು ದಾಂಡೇಲಿಯ ವರ್ಕ್‌ಶಾಪಿನಲ್ಲಿ ಮಾಡಿಸಬೇಕಾಯಿತು. ನಮ್ಮ ಯಜಮಾನರು ಬೈಕಿನ ಮೇಲೆ ಹೋಗಿ ಅದನ್ನು ತಂದರು. ಅವರು ಮಾಡಿದ್ದು ಅಷ್ಟೇ. ಅಷ್ಟಕ್ಕೇ ಊರಿಗೆಲ್ಲ "ಲೇತ್ ಮಾಡರ್ನ್ ಮಾಡಾಕತ್ತೇವಿ" ಅಂತ ಸಾರಿಕೊಂಡು ಬಂದರು. ಅತ್ತೆ ಚಕ್ಕಿಗೆ ಮೂರು ಬೆರಳಿನ ವಿಭೂತಿ ಎಳೆದು, ಹಲ್ಲುಪುಡಿ ಡಬ್ಬಿಯಿಂದ ಕುಂಕುಮ ಹಚ್ಚಿ, ಕಾಯಿ ಒಡೆದರು.

ಹಳೇ ಸಾಗವಾನಿ ಮಂಚದ ಕಾಲಿನ ತುಂಡನ್ನು ಚಕ್ಕಿಗೆ ಕಚ್ಚಿಸಿ ಮಾವ ಸ್ವಿಚ್ ಒತ್ತಿದರು. ಉಳಿ ತಾಗಿಸಿದರೋ ಇಲ್ಲವೋ, ಚಕ್ಕು ಕಟ್ಟಿಗೆ ಸಮೇತ ಬಿಚ್ಚಿಕೊಂಡು ಕೆಳಗೆ ಬಿತ್ತು. ಬಿದ್ದು ಸುಮ್ಮನಿರಬೇಕಲ್ಲ? ಪಡಸಾಲೆ ದಾಟಿ, ಹೊಸ್ತಿಲು ಹಾರಿ, ಅಂಗಳದಲ್ಲಿ ಉರುಳಿ ಹೋಗಿ ಎಮ್ಮೆಯ ಮುಸುರಿ ಬಾನಿಗೆ ಢಿಕ್ಕಿ ಹೊಡೆಯಿತು. ಎಮ್ಮೆ ಅದನ್ನು ಮೂಸಿ, ವಿಭೂತಿಯಷ್ಟನ್ನು ನೆಕ್ಕಿ ಬಿಟ್ಟಿತು.

"ಬಿಗಿ ಆಗಿಲ್ಲ" ಅಂದರು ಮಾವ. ಬಿಗಿ ಮಾಡಿದರು. ಮತ್ತೆ ಬಿತ್ತು.

"ದೃಷ್ಟಿ ಆಗೇತಿ" ಅಂದರು ಅತ್ತೆ. "ಇವನ ಊರ ತುಂಬ ಹೇಳ್ಕೊಂಡು ಬಂದಾನಲ್ಲ." ಲಾರಿಗೆ ಕಟ್ಟುವ ಹಾಗೆ ಲಿಂಬೆಹಣ್ಣು, ಮೆಣಸಿನಕಾಯಿಯ ಸರ ಮಾಡಿ ಚಕ್ಕಿಗೇ ಕಟ್ಟಿದರು. ತಿರುಗುವ ಸಾಮಾನಿಗೆ ಕಟ್ಟಬಾರದು ಅನ್ನುವುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮಾವ ಸ್ವಿಚ್ ಒತ್ತಿದರು. ಲಿಂಬೆಹಣ್ಣು ಗೋಡೆಗೆ, ಗೋಡೆಯಿಂದ ನನ್ನ ಸೀರೆಗೆ. ಮೆಣಸಿನಕಾಯಿ ನೆಟ್ಟಗೆ ಯಜಮಾನರ ಕಣ್ಣಿಗೆ. ಅವರು "ಸತ್ತೆನಲ್ಲೋ" ಅಂತ ಬಚ್ಚಲಿಗೆ ಓಡಿದರು. ಅಂದಿನಿಂದ ಲೇತ್ ಚಾಲೂ ಆದಾಗಲೆಲ್ಲ ಮಾವನ ತಲೆಗೆ ಬೈಕಿನ ಹೆಲ್ಮೆಟ್, ಅತ್ತೆಯ ಎದೆಗೆ ಹಿಟ್ಟು ನಾದುವ ಪರಾತ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಲೇತ್ ಗೋಡೆಗುಂಟ ಉದ್ದಕ್ಕಿದೆ. ಬೇರೆ ಬಡಿಗೇರೆಲ್ಲ ಇತ್ತ ಕಡೆ, ಗೋಡೆಗೆ ಮುಖ ಮಾಡಿ ನಿಲ್ಲುತ್ತಾರೆ. ಮಾವ ಮಾತ್ರ ಗೋಡೆಗೂ ಲೇತಿಗೂ ನಡುವಿನ ಸಂದಿಯಲ್ಲಿ, ಗೋಡೆಗೆ ಬೆನ್ನು ಕೊಟ್ಟು, ಹೊಟ್ಟೆ ಒಳಗೆಳೆದುಕೊಂಡು ನಿಲ್ಲುತ್ತಾರೆ. ಅವರ ಬೆನ್ನು ತಾಗಿ ತಾಗಿ ಗೋಡೆಯ ಸುಣ್ಣ ಹೋಗಿ ನುಣ್ಣಗಾಗಿದೆ. ಯಾಕೆಂದರೆ ಲೇತ್ ಮನೆಗೆ ಬಂದ ದಿನ ಅತ್ತೆ ಒಂದು ಕಟ್ಟಳೆ ಹಾಕಿದ್ದರು: "ಕೂಸಿನ ತೊಟ್ಟಿಲ ಮಾಡೂ ಮಷಿನ್ ಐತಿ, ಬಲಕ್ಕ ತಿರಗಬೇಕು. ಎಡಕ್ಕ ಸುತ್ತೂದು ಮಣ್ಣಿಗೆ ಹೋದಾಗ." ಆರತಿ ಬಲಕ್ಕೆ, ಪ್ರದಕ್ಷಿಣೆ ಬಲಕ್ಕೆ, ಆದ್ದರಿಂದ ಲೇತೂ ಬಲಕ್ಕೆ, ಅಂದರೆ ಲೇತಿನ ಈ ತುದಿಗೆ ಓರೆಯಾಗಿರುವ ಅಡುಗೆಮನೆಯಿಂದ ಅತ್ತೆ ನೋಡುವಾಗ ಬಲಕ್ಕೆ. ಮಾವ ಮೋಟರಿನ ಬೆಲ್ಟನ್ನು ಕತ್ತರಿಯ ಹಾಗೆ ಅಡ್ಡ ಹಾಕಿ ಉಲ್ಟಾ ತಿರುಗಿಸಿದರು. ಹಾಗೆ ತಿರುಗುವ ಕಟ್ಟಿಗೆ ಉಳಿಯ ಮೇಲೆ ಇಳಿಯುವುದು ಗೋಡೆಯ ಕಡೆಗೆ. ಅದಕ್ಕೇ ಮಾವನೂ ಗೋಡೆಯ ಕಡೆಗೆ. ಉದ್ದನೆಯ ಕಟ್ಟಿಗೆಗೆ ಇದರಿಂದ ಏನೂ ತೊಂದರೆ ಇರಲಿಲ್ಲ.

ತೊಂದರೆ ಎಲ್ಲಿದೆ ಅಂತ ನನಗೆ ಗೊತ್ತಾಗಿದ್ದು ಉಪ್ಪಿನಕಾಯಿ ಬಾಟಲಿ ತೆಗೆಯುವಾಗ. ಮುಚ್ಚಳವನ್ನು ಗಟ್ಟಿ ಹಿಡಿದುಕೊಂಡು ಬಾಟಲಿಯನ್ನೇ ಬಲಕ್ಕೆ ತಿರುವಿದೆ, ಮುಚ್ಚಳ ಬಿಚ್ಚಿಕೊಂಡಿತು. ಅಯ್ಯೋ ಶಿವನೇ! ಉಳಿ ತಾಗಿದಾಗ ಚಕ್ಕು ತಡೆಯುತ್ತದೆ, ದಂಡ ಬಲಕ್ಕೆ ತಿರುಗುತ್ತಲೇ ಇರುತ್ತದೆ, ಬಿಚ್ಚದೆ ಏನು ಮಾಡೀತು? ಜಗತ್ತಿನ ಲೇತೆಲ್ಲ ಎಡಕ್ಕೆ ತಿರುಗುತ್ತದೆ ಅಂತ ತಿಳಿದು ಆ ಚಕ್ ಮಾಡಿದ್ದಾರೆ. ಹಳಿಯಾಳದಲ್ಲಿ ಒಂದು ಲೇತ್ ಪ್ರದಕ್ಷಿಣೆ ಹಾಕುತ್ತದೆ ಅಂತ ಅವರಿಗೇನು ಕನಸು ಬಿದ್ದಿತ್ತೇ?

ಬಾಟಲಿ ಹಿಡಿದುಕೊಂಡೇ ಬಂದು ಎಲ್ಲರಿಗೂ ತೋರಿಸಿದೆ. "ಮಾವಾರ, ಬೆಲ್ಟ್ ನೆಟ್ಟಗ ಹಾಕಿದ್ರ ಆತ್ರಿ. ಎಡಕ್ಕ ತಿರಗಿದ್ರ ಚಕ್ ತಾನ ಬಿಗಿ ಆಗತೈತಿ."

ಮಾವ ಅತ್ತೆಯ ಮುಖ ನೋಡಿದರು. ಅತ್ತೆ ಪರಾತದ ಹಿಂದಿನಿಂದ, "ಕುಂಕುಮದ ಭರಣಿ ಎಡಕ್ಕ ತಿರಗಿ ಆಗೂದಾ? ಯಾವ ಬಾಯಾಗ ಅಂತೀ?" ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. ಹಲ್ಲುಪುಡಿ ಡಬ್ಬಿ ಶಾಸ್ತ್ರಕ್ಕೆ ನಡೆಯುತ್ತದೆ, ಇದು ನಡೆಯುವುದಿಲ್ಲವೇ ಅಂತ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಮಾವ ಹೆಲ್ಮೆಟ್ ತೆಗೆದರು. "ಆತು ಬಿಡವಾ. ನನ್ನ ಹಣೇಬಾರದಾಗ ಉದ್ದನೂದಷ್ಟ ಬರದೈತಿ" ಅಂದು ಚಕ್ಕಿಗೆ ಎಣ್ಣೆ ಸವರಿ, ಅದು ಬಂದಿದ್ದ ಪೆಟ್ಟಿಗೆಯಲ್ಲೇ ಇಟ್ಟು ಮುಚ್ಚತೊಡಗಿದರು. ಮೂರು ಸಲ ಇಟ್ಟರೂ ಮುಚ್ಚಳ ಕೂಡಲಿಲ್ಲ.

ಅತ್ತೆ ಅದನ್ನು ನೋಡಿದರು. ಪರಾತ ಕೆಳಗಿಟ್ಟರು. ಅಡುಗೆಮನೆ ಬಾಗಿಲಲ್ಲಿದ್ದ ತಮ್ಮ ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿಕೊಂಡು ಲೇತಿನ ಆ ತುದಿಗೆ, ಮೋಟರಿನ ಪಕ್ಕದ ಗೋಡೆಯ ಮೂಲೆಗೆ ಹೋಗಿ ಕೂತರು.

"ಹೂಂ, ಬೆಲ್ಟ್ ನೆಟ್ಟಗ ಹಾಕ್ರಿ."

ಮಾವ ಬೆಲ್ಟ್ ನೆಟ್ಟಗೆ ಹಾಕಿ, ಚಕ್ ಮತ್ತೆ ಕೂಡಿಸಿ, ಹೆಲ್ಮೆಟ್ ಏರಿಸಿ, ಮೊದಲ ಸಲ ಇತ್ತ ಕಡೆ ಬಂದು ಎಲ್ಲರ ಹಾಗೆ ನಿಂತರು. ಲೇತ್ ತಿರುಗಿತು. ಅಡುಗೆಮನೆಯಿಂದ ನೋಡಿದರೆ ಎಡಕ್ಕೆ. ಅತ್ತೆ ಕೂತ ಕಡೆಯಿಂದ ನೋಡಿದರೆ ಬಲಕ್ಕೆ.

"ಇಲ್ಲಿಂದ ಪ್ರದಕ್ಷಿಣಾನ ಐತಿ" ಅಂದರು ಅತ್ತೆ. "ನೋಡಾಕಿ ನಾ. ನನಗ ಬಲಕ್ಕ ಕಂಡ್ರ ಬಲಕ್ಕ."

ಚಕ್ ಜಪ್ಪಯ್ಯ ಅನ್ನಲಿಲ್ಲ. ಮಾವ ಒಳಗೆ ಉಳಿ ಹಾಕಿದರು, ಹೊಟ್ಟು ಹೂವಿನ ಹಾಗೆ ಉದುರಿತು. ಮೂರು ಬೆರಳು ಹಿಡಿಯುವಷ್ಟು ಹೊಟ್ಟೆ ಬಂತು, ಸ್ವಲ್ಪ ಸೊಟ್ಟ; ಅದಕ್ಕೊಂದು ಮುಚ್ಚಳವೂ ಆಯಿತು. ಅತ್ತೆ ಡಬ್ಬಿಯ ಕುಂಕುಮವನ್ನೆಲ್ಲ ಅಲ್ಲೇ ಅದಕ್ಕೆ ಸುರಿದು, ಹಣೆಗೆ ಇಟ್ಟುಕೊಂಡರು. ಯಜಮಾನರು ಕೆಂಪು ಕಣ್ಣು ಉಜ್ಜುತ್ತಾ ಫೋಟೊ ತೆಗೆದರು. ನನ್ನ ಕಣ್ಣು ತುಂಬಿದ್ದಕ್ಕೆ ಮೆಣಸಿನಕಾಯಿ ಕಾರಣವಲ್ಲ.

ಮಾವ ಹೆಲ್ಮೆಟ್ಟಿನ ಗಾಜು ಮೇಲೆತ್ತಿ, ತಮ್ಮ ಬೆನ್ನು ತಾಗಿ ನುಣ್ಣಗಾದ ಗೋಡೆ ನೋಡಿದರು. ಆಮೇಲೆ ಮೂಲೆಯಲ್ಲಿದ್ದ ಅತ್ತೆಯ ಕುರ್ಚಿ ನೋಡಿದರು. "ಅಲ್ಲಲೇ, ಇಷ್ಟ ವರ್ಷ ನಾ ಆ ಸಂದ್ಯಾಗ ಹಲ್ಲಿ ಹಂಗ ನಿಂತೆನಲ್ಲ. ಕುರ್ಚಿ ಆವಾಗ ಸರಸಬೇಕಿಲ್ಲೇನು?"

ಅತ್ತೆ ಭರಣಿಯ ಮುಚ್ಚಳ ಹಾಕಿದರು. "ಆವಾಗ ಒಲಿ ನನ್ನ ಪಾಲಿಗಿತ್ತು. ಒಲಿ ಬಿಟ್ಟು ಇಲ್ಲಿ ಬಂದು ಕುಂದರಾಕ ಆಗ್ತಿತ್ತೇನು? ನೀವು ಇತ್ಲಾಗ ನಿಂತಿದ್ರ ಒಲಿ ಮುಂದಿಂದ ದಿನಾ ಬರೇ ನಿಮ್ಮ ಬೆನ್ನ ನೋಡಬೇಕಿತ್ತು, ಮಾರಿ ಅಲ್ಲ."

ಮಾವ ಹೆಲ್ಮೆಟ್ಟಿನ ಗಾಜು ಮೆಲ್ಲಗೆ ಕೆಳಗಿಳಿಸಿಕೊಂಡರು. ಒಲೆಯ ಮೇಲೆ ನನ್ನ ಸಾರು ಉಕ್ಕಿತು.