ಏರ್ ಫ್ರೈಯರಿಗೆ ಹೋದ ಕಾವಿನ ಮೊಟ್ಟೆಗಳು

ನಮ್ಮತ್ತೆ ಚಿಕ್ಕಬೋರಮ್ಮನವರು ಕಾಗೆಯನ್ನೂ ಬೈಯದೆ ಬಿಡುವವರಲ್ಲ. ಬೆಳಗ್ಗೆ ಬಾಗಿಲಿಗೆ ನೀರು ಹಾಕುವಾಗ ಶುರುವಾದ ಬಾಯಿಗೆ ರಾತ್ರಿ ಮುದ್ದೆ ನುಂಗುವಾಗ ಮಾತ್ರ ಸ್ವಲ್ಪ ಬಿಡುವು. ನಾನು ಶ್ರೀರಂಗಪಟ್ಟಣದ ಪೇಟೆ ಬೀದಿಯಲ್ಲಿ ಬೆಳೆದವಳು. ಮದುವೆಯಾಗಿ ಕಿಕ್ಕೇರಿ ಹತ್ತಿರದ ಈ ಊರಿಗೆ ಬಂದ ಹೊಸದರಲ್ಲಿ ಆ ಬಾಯಿಗೆ ಹೆದರಿ ಹಿತ್ತಲಲ್ಲಿ ನಿಂತು ಅತ್ತಿದ್ದೂ ಉಂಟು. ಈಗ ನಾನೂ ಕಮ್ಮಿಯಿಲ್ಲ ಬಿಡಿ. ಅವರು ಒಂದು ಅಂದರೆ ನಾನು ಒಂದೂವರೆ ಅನ್ನುತ್ತೇನೆ.

ಕೋಳಿಗಳ ಹತ್ತಿರ ಹೋದರೆ ಮಾತ್ರ ಅದೇ ಹೆಂಗಸು ಬೇರೆ. ದನಿ ಇಳಿಯುತ್ತದೆ, ಮುಖ ಸಡಿಲವಾಗುತ್ತದೆ. ನನ್ನನ್ನಾಗಲಿ ಅವರ ಮಗನನ್ನಾಗಲಿ ಒಂದು ದಿನವೂ ಅಷ್ಟು ಮೆತ್ತಗೆ ಕರೆದವರಲ್ಲ. ಚಿಕ್ಕಬೋರಮ್ಮನ ಕೈಗುಣ ದೊಡ್ಡದು ಅಂತ ಊರಿಗೆ ಊರೇ ಹೇಳುತ್ತಿತ್ತು. ಯಾರ ಮನೆಯ ಹೇಂಟೆ ಕಾವಿಗೆ ಬಂದರೂ, ಅಂದರೆ ಮೊಟ್ಟೆ ಇಡುವುದನ್ನು ನಿಲ್ಲಿಸಿ ಮಂಕರಿ ಬುಟ್ಟಿ ಬಿಟ್ಟು ಏಳದೆ ಕೂತರೂ, ಅದರ ಕೆಳಗೆ ಮೊಟ್ಟೆ ಇಡಲು ಇವರೇ ಬರಬೇಕು. ಮಂಕರಿಗೆ ಹುಲ್ಲು ಹಾಸಿ, ಗುಡುಗಿಗೆ ಮೊಟ್ಟೆ ಕೆಡದಿರಲಿ ಅಂತ ಒಂದು ಇದ್ದಿಲು ಚೂರು, ಒಂದು ಕಬ್ಬಿಣದ ಮೊಳೆ ಇಟ್ಟು, ಒಂದೊಂದೇ ಮೊಟ್ಟೆಯನ್ನು ಅಂಗೈಯಲ್ಲಿ ಸವರಿ ಜೋಡಿಸುತ್ತಿದ್ದರು. ಅವರು ಇಟ್ಟ ಮೊಟ್ಟೆ ಮರಿಯಾಗದೆ ಹುಸಿ ಹೋಗುವುದಿಲ್ಲ ಅನ್ನುವುದು ನಂಬಿಕೆ.

ಹೋದ ಬೇಸಿಗೆಯಲ್ಲಿ ಕೋಳಿ ರೋಗ ಬಂತು. ಬಂದದ್ದು ಮೊದಲು ನಮ್ಮ ಮನೆಗೇ. ಹಿತ್ತಲು ತುಂಬ ಓಡಾಡುತ್ತಿದ್ದ ಕೋಳಿಗಳು ತಲೆ ಓರೆ ಮಾಡಿಕೊಂಡು ಸತ್ತವು, ಆಮೇಲೆ ಊರಿನ ಅರ್ಧ ಕೋಳಿಗಳು ಹೋದವು. ನಮಗೆ ಉಳಿದದ್ದು ಒಂದೇ ಒಂದು ಬೂದು ಬಣ್ಣದ ಹೇಂಟೆ. ಅಲ್ಲಿಂದಾಚೆಗೆ ಯಾರೂ ನಮ್ಮತ್ತೆಯನ್ನು ಕರೆಯಲಿಲ್ಲ. ಎದುರು ಮನೆಯ ಮಾರಮ್ಮ, ಹೊತ್ತು ಮೂಡುವ ಮುಂಚೆ ನಮ್ಮ ಬಾಗಿಲು ಬಡಿಯುತ್ತಿದ್ದವಳು, ಡೇರಿ ಮುಂದೆ ನಿಂತು 'ಅವಳ ಕೈಗುಣ ಓಯ್ತು ಕನ' ಅಂದಳಂತೆ. ಅದು ಅತ್ತೆಯ ಕಿವಿಗೂ ಬಿತ್ತು. ನಾನು ಜಗಳಕ್ಕೆ ಸೊಂಟ ಕಟ್ಟಿ ನಿಂತಿದ್ದೆ. ಅವರು ಒಳಗೆ ಹೋಗಿ ಮಲಗಿದರು.

ಈ ಸಂಕ್ರಾಂತಿ ಕಳೆದ ಮೇಲೆ ಆ ಬೂದು ಹೇಂಟೆ ಕಾವಿಗೆ ಬಂತು. ಒಂಬತ್ತು ಮೊಟ್ಟೆ ಇಟ್ಟು ಬಂದು ಕೈ ತೊಳೆಯುತ್ತಾ ನಮ್ಮತ್ತೆ ಹೇಳಿದರು:

"ಇವು ಮರಿ ಆದ್ರೆ ನನ್ ಕೈ ಇನ್ನೂ ಬದ್ಕೇ ಅದೆ ಅಂತ. ಆಗ್ನಿಲ್ಲ ಅಂದ್ರೆ ಇನ್ಮ್ಯಾಲೆ ಯಾರ್ ಮನೆ ಮಂಕ್ರಿನೂ ಮುಟ್ಟಾಕಿಲ್ಲ ಕನವ್ವ."

ಇನ್ನು ಏರ್ ಫ್ರೈಯರ್. ಅದು ಬಂದದ್ದು ನಮ್ಮ ಯಜಮಾನರ ಹೊಟ್ಟೆಯ ದೆಸೆಯಿಂದ. ತಿಮ್ಮರಾಜು ಅಂತ ಅವರ ಹೆಸರು, ಊರಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ. ಲಿವರಿನಲ್ಲಿ ಕೊಬ್ಬು ಸೇರಿದೆ, ಎಣ್ಣೆ ಬಿಡು ಅಂತ ಕೆ.ಆರ್. ಪೇಟೆಯ ಡಾಕ್ಟರು ಹೇಳಿದ ದಿನವೇ ಅಂಗಡಿಗೆ ಹೋಗಿ ಹೊತ್ತುಕೊಂಡು ಬಂದರು. ಮೊಟ್ಟೆ ಬಿಡು ಅಂತ ಡಾಕ್ಟರು ಹೇಳಿರಲಿಲ್ಲವಲ್ಲ! ದಿನಾ ಬೆಳಗ್ಗೆ ನಾನು ಅಂಗಡಿ ಮೊಟ್ಟೆ ಒಳಗೆ ಜೋಡಿಸಿಟ್ಟಿರುತ್ತಿದ್ದೆ. ಅವರು ಡೇರಿಯಿಂದ ಬಂದು, ಗುಂಡಿ ಒತ್ತಿ, ಸ್ನಾನಕ್ಕೆ ಹೋಗುತ್ತಿದ್ದರು. ಬರುವಷ್ಟರಲ್ಲಿ ಚಿಪ್ಪಿನ ಸಮೇತ ಬೆಂದಿರುತ್ತಿದ್ದವು. ನೀರು ಬೇಡ, ಪಾತ್ರೆ ಬೇಡ. ಚಿಪ್ಪಿನ ಮೇಲೆ ಅಲ್ಲಲ್ಲಿ ಕಂದು ಚುಕ್ಕೆ ಬೀಳುತ್ತಿತ್ತು, ಅಷ್ಟೇ.

ಮೊದಲ ದಿನ ಅದನ್ನು ನೋಡಿ ನಮ್ಮತ್ತೆ ಗೋಡೆಗೆ ಒರಗಿಬಿಟ್ಟಿದ್ದರು.

"ನೀರಿಲ್ಲ, ಬೆಂಕಿ ಇಲ್ಲ, ಮೊಟ್ಟೆ ಎಂಗ್ ಬೆಂತವ್ವಾ?"

"ಬಿಸಿ ಗಾಳಿ ಕಣತ್ತೆ."

"ಗಾಳೀಲಿ ಮೊಟ್ಟೆ ಬೇಯ್ತದಾ? ಅಂಗಾರೆ ಬೇಸ್ಗೇಲಿ ನಾವೆಲ್ಲ ಬೆಂದೋಗ್ಬೇಕಿತ್ತು ಬುಡು."

ಆ ಮೊಟ್ಟೆಯನ್ನು ಅವರು ಬಾಯಿಗೆ ಇಡಲಿಲ್ಲ. ಒಂದು ಸಲ ಮಾತ್ರ ನಾನು ಅದರಲ್ಲಿ ಕಡಿಮೆ ಬಿಸಿಯಿಟ್ಟು ಕರಿಬೇವು ಒಣಗಿಸುತ್ತಿದ್ದಾಗ ಪಕ್ಕದಲ್ಲಿ ನಿಂತು, ಕೈ ಒಡ್ಡಿ ನೋಡಿ, 'ಇದು ವಸಿ ವಾಸಿ' ಅಂದಿದ್ದರು.

ಮರಿ ಆಗಲು ಇನ್ನೊಂದೆರಡು ದಿನ ಇದ್ದಿರಬೇಕು. ಬೆಳಗ್ಗೆ ನಾನು ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದೆ. ಹೇಂಟೆ ದಿನಕ್ಕೊಂದು ಸಲ ಎದ್ದು ನಾಲ್ಕು ಕಾಳು ತಿಂದು ಬರುತ್ತದಲ್ಲ, ಹಾಗೆ ಎದ್ದು ಹಿತ್ತಲಿಗೆ ಹೋಗಿದೆ. ಬೀದಿನಾಯಿ ಬೇಲಿ ಹಾರಿ ಬಂದು ಹಿಡಿದುಬಿಟ್ಟಿತು. ಕೂಗಾಟ ಕೇಳಿ ನಾನು ಓಡುವಷ್ಟರಲ್ಲಿ ಅತ್ತೆ ನಾಯಿಯನ್ನು ಅಟ್ಟಿ, ಕತ್ತು ಜೋತುಬಿದ್ದ ಹೇಂಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಈಗ ಊರು ಒಂದಾಗುವ ಹಾಗೆ ಬೊಬ್ಬೆ ಹಾಕುತ್ತಾರೆ ಅಂದುಕೊಂಡರೆ, ಹೇಂಟೆಯನ್ನು ಕೆಳಗಿಟ್ಟು ಸೀದಾ ಮಂಕರಿ ಹತ್ತಿರ ಹೋದರು.

"ಇನ್ನೂ ಬಿಸಿ ಅವೆ. ಅನೂ, ಆವತ್ತು ಕರ್ಬೇವು ಒಣುಗ್ಸಿದ್ಯಲ್ಲ, ಅಷ್ಟೇ ಬಿಸಿ ಮಾಡವ್ವ ಆ ಪೆಟ್ಗೇನ."

ಮೊಟ್ಟೆ ಬೇಯಿಸುವ ಯಂತ್ರದಲ್ಲಿ ಮರಿ ಮಾಡುವುದೇ! ಆದರೆ ವಾದ ಮಾಡುವ ಹೊತ್ತಲ್ಲ. ತೀರಾ ಕಡಿಮೆಗೆ ಇಟ್ಟು ಸ್ವಲ್ಪ ಹೊತ್ತು ಓಡಿಸಿ ಆರಿಸಿದೆ. ಅವರು ಮುಂಗೈ ಒಳಗಿಟ್ಟು ನೋಡಿ ತಲೆ ಆಡಿಸಿದರು. ಕೆಳಗೆ ಒದ್ದೆ ಬಟ್ಟೆ ಮಡಿಸಿ ಹಾಸಿದೆವು. ಐದು ಮೊಟ್ಟೆಗೇ ಜಾಗ ಮುಗಿಯಿತು. ಉಳಿದ ನಾಲ್ಕನ್ನು ಅತ್ತೆ ಮಡಿಲಿಗೆ ಕಟ್ಟಿಕೊಂಡರು.

"ಮಾರಮ್ಮನ ಹ್ಯಾಟೆ ಕಾವಿಗೆ ಬಂದದೆ. ಕಾಲ್ ಹಿಡ್ಕಂಡಾದ್ರೂ ಕೇಳ್ಕ ಬತ್ತೀನಿ. ನೀನು ಆ ಸತ್ತ ಹ್ಯಾಟೇನ ಹೂತ್ಬುಡು."

ನಾನು ಗುದ್ದಲಿ ತಗೊಂಡು ತೆಂಗಿನ ಮರದ ಬುಡಕ್ಕೆ ಹೋದೆ. ಮಣ್ಣು ಗಟ್ಟಿ, ಹೊತ್ತು ಹಿಡಿಯಿತು. ಮಣ್ಣೆಳೆದು ಮುಚ್ಚುತ್ತಿದ್ದೇನೆ, ಮನೆಯೊಳಗಿನಿಂದ ಆ ಯಂತ್ರ ಟಿಣ್ ಅನ್ನುವ ಶಬ್ದ ಕೇಳಿತು.

ಗುದ್ದಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಅಡುಗೆ ಮನೆಗೆ ಓಡಿದೆ. ಬಟ್ಟೆ ಸೀದ ವಾಸನೆ. ನಮ್ಮ ಯಜಮಾನರು ಸ್ನಾನ ಮುಗಿಸಿ, ಲುಂಗಿ ಬನಿಯನ್ನಿನಲ್ಲಿ ನಿಂತು, ಒಂದು ಮೊಟ್ಟೆಯನ್ನು ಕಟ್ಟೆಗೆ ಕುಟ್ಟುತ್ತಿದ್ದರು. ದಿನದ ಹಾಗೆ ಬಂದಿದ್ದಾರೆ, ಯಂತ್ರದ ಮುಂದಿನ ಗಾಜಿನಲ್ಲಿ ಮೊಟ್ಟೆ ಕಂಡಿವೆ, ಹೆಂಡತಿ ಜೋಡಿಸಿಟ್ಟಿದ್ದಾಳೆ ಅಂದುಕೊಂಡು ದಿನದ ಗುಂಡಿ ಒತ್ತಿ ಸ್ನಾನಕ್ಕೆ ಹೋಗಿದ್ದಾರೆ.

"ರೀ, ಬೇಡ!" ಅಂದೆ. ಅಷ್ಟರಲ್ಲಿ ಚಿಪ್ಪು ಬಿಟ್ಟುಕೊಂಡಿತ್ತು.

ಒಳಗೆ ಅಂಟಿದ ಪುಕ್ಕ, ಮಡಿಸಿದ ಕಾಲು, ಮುಚ್ಚಿದ ಕಣ್ಣು. ಕೊಕ್ಕಿನ ತುದಿ ಸಮೇತ ಕಾಣುತ್ತಿತ್ತು. ಅವರು ಅದನ್ನು ಕೈಯಲ್ಲೇ ಹಿಡಿದುಕೊಂಡು ನನ್ನ ಮುಖ ನೋಡಿದರು. ಹುಟ್ಟಿದಾಗಿನಿಂದ ಮೊಟ್ಟೆ ತಿಂದ ಮನುಷ್ಯ, ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

"ಕಾವಿನ ಮೊಟ್ಟೆಯಾ? ಇದ್ರೊಳಗೆ ಯಾಕೆ ಮಡುಗ್ದೆ?" ಅಂದರು. ಯಾರ ಮೇಲೆ ರೇಗಲಿ? ಅವರು ಬರುವ ಹೊತ್ತು ಅಂತ ಗೊತ್ತಿದ್ದೂ ಯಂತ್ರದ ವೈರು ಕಿತ್ತಿಟ್ಟು ಹೋಗಬಾರದಿತ್ತೇ ಅಂತ ನನ್ನ ಮೇಲೇ ರೇಗಿತು.

ಅದೇ ಹೊತ್ತಿಗೆ ಅತ್ತೆ ಬಾಗಿಲಲ್ಲಿ ಕಾಣಿಸಿದರು. ಮಡಿಲಿನ ಗಂಟು ಹಾಗೇ ಇತ್ತು.

"ಕೊಡ್ನಿಲ್ಲ ಕನವ್ವ. ನಿಮ್ಮನೆ ಮೊಟ್ಟೆ ಮುಟ್ಸಿದ್ರೆ ನಮ್ ಹ್ಯಾಟೆಗೂ ರೋಗ ಬತ್ತದೆ ಅಂದ್ಬುಟ್ಲು. ಬಾಗ್ಲೂ ಪೂರ್ತಿ ತಗೀನಿಲ್ಲ," ಅನ್ನುತ್ತಾ ಒಳಗೆ ಬಂದವರು ಮಗನ ಕೈ ನೋಡಿದರು. ಯಂತ್ರ ನೋಡಿದರು. ಅದರಲ್ಲಿ ಉಳಿದಿದ್ದ ನಾಲ್ಕರ ಚಿಪ್ಪಿನ ಮೇಲೂ ಕಂದು ಚುಕ್ಕೆ.

ನಾನು ಬೈಗುಳಕ್ಕೆ ಕಾದೆ. ಬರಲಿಲ್ಲ. ಆ ಬಾಯಿ ಕಟ್ಟಿಹೋದದ್ದನ್ನು ನೋಡಿ ನನಗೆ ನಿಜವಾಗಿ ಭಯವಾಯಿತು.

"ಓಯ್ತು ಬುಡು," ಅಂದರು ನಿಧಾನವಾಗಿ. "ನನ್ ಕೈಯೇ ಓಯ್ತು. ಮಾರಮ್ಮ ಸುಳ್ಳಾಡ್ನಿಲ್ಲ."

"ಅವ್ವಾ, ಬೈಯವ್ವ. ನಾಕು ಬಡಿ," ಅಂದರು ಇವರು.

ಅತ್ತೆ ಮಗನ ಎದುರು ಕುಕ್ಕರಗಾಲಲ್ಲಿ ಕೂತರು. ಆಮೇಲೆ ಮಡಿಲು ಬಿಚ್ಚಿದರು.

"ಬನೀನ್ ಎತ್ಲಾ. ಮುದ್ಕಿ ಮೈಯಾಗೆ ಬಿಸಿ ಎಲ್ಲದೆ? ನಿನ್ ಹೊಟ್ಟೇಲದೆ, ಕೊಬ್ಬಿನ ಸಮೇತ. ಸುಟ್ಟೋನೇ ಕಾವ್ ಕೊಡ್ಲಿ."

ನಾಲ್ಕು ಮೊಟ್ಟೆಯನ್ನು ಆ ಹೊಟ್ಟೆಗೆ ಒತ್ತಿಟ್ಟು, ಹಳೆಯ ನೂಲಿನ ಸೀರೆ ಸುತ್ತಿ, ಬೆನ್ನ ಹಿಂದೆ ಗಂಟು ಹಾಕಿದರು. ನಮ್ಮ ಯಜಮಾನರು ಹಜಾರಕ್ಕೆ ಬಂದು ಗೋಡೆಗೆ ಒರಗಿ ಕಾಲು ಚಾಚಿ ಕೂತವರು, ಕೂತೇ ಬಿಟ್ಟರು.

ಸಂಜೆ ಡೇರಿಗೆ ಬರಲಿಲ್ಲವೆಂದು ಅವರ ಸ್ನೇಹಿತ ಪುಟ್ಟರಾಜು ಹುಡುಕಿಕೊಂಡು ಬಂದ. ವಿಷಯ ತಿಳಿದು ಮೊದಲು ಬೆಪ್ಪಾದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

"ಏನ್ಲಾ ತಿಮ್ಮ, ಕಾವಿಗ್ ಕೂತ್ಬುಟ್ಟಿದ್ದೀಯಾ! ಒಂದ್ಸಲ ಲೊಕ್ ಲೊಕ್ ಅನ್ಲಾ ನೋಡನ!"

ಊರಿಗೆಲ್ಲ ಹೇಳಿದ. ಒಬ್ಬೊಬ್ಬರಾಗಿ ಬಂದು ಇಣುಕಿದರು. ಕಾಳು ಹಾಕಲಾ ಅಂದವರೆಷ್ಟೋ. ನನಗೆ ಮೈ ಉರಿಯುತ್ತಿತ್ತು, ಇವರು ತಲೆ ಎತ್ತಲಿಲ್ಲ. ಇನ್ನೊಂದು ದಿನವಾಗಿದ್ದರೆ ಕೊರಳಪಟ್ಟಿ ಹಿಡಿಯುತ್ತಿದ್ದ ಮನುಷ್ಯ, ಕೆಮ್ಮು ಬಂದರೂ ಹೊಟ್ಟೆ ಕುಲುಕದ ಹಾಗೆ ಕೆಮ್ಮುತ್ತಿದ್ದರು. ಮುದ್ದೆಯನ್ನು ನಾನೇ ತಿನ್ನಿಸಿದೆ. ಮಲಗಿದ್ದೂ ಕೂತಲ್ಲೇ. ಗಂಟು ಹಾಕಿದ ಮೇಲೆ ಅತ್ತೆ ಮಾತ್ರ ಮತ್ತೆ ಮೊಟ್ಟೆಯ ಕಡೆ ಕೈ ಚಾಚಲಿಲ್ಲ. ತಿರುವಿ ಇಡಬೇಕಾದಾಗಲೂ, ಗುಣ ಹೋದ ಕೈ ತಗುಲಬಾರದು ಅನ್ನುವ ಹಾಗೆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, "ನೀನೇ ತಿರುವವ್ವ," ಅಂದರು.

ಮಾರನೆಯ ದಿನ ಮಧ್ಯಾಹ್ನ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಹಜಾರದಿಂದ ಇವರು ಕಿರುಚಿದರು.

"ಅವ್ವೋ! ಒಳ್ಗೆ ಕೂಗ್ತಾ ಅದೆ! ಹೊಟ್ಟೆ ಕುಟ್ತಾ ಅದೆ!"

ಅತ್ತೆ ಮಗನ ಹೊಟ್ಟೆಗೆ ಕಿವಿ ಇಟ್ಟರು. ನಾನು ಗಂಟು ಬಿಚ್ಚಿದೆ. ಒಂದು ಮೊಟ್ಟೆಯ ದಪ್ಪ ತುದಿಯಲ್ಲಿ ತೂತು ಬಿದ್ದು, ಅದರೊಳಗೆ ಏನೋ ಅಲ್ಲಾಡುತ್ತಿತ್ತು. ಹೊತ್ತು ಮುಳುಗುವಷ್ಟರಲ್ಲಿ ಮೂರು ಮರಿ ಈಚೆಗೆ ಬಂದವು. ನಾಲ್ಕನೆಯದು ಹುಸಿ. ನಮ್ಮ ಯಜಮಾನರು ಮೂರನ್ನೂ ಬೊಗಸೆಯಲ್ಲಿ ಇಟ್ಟುಕೊಂಡು, ಸುದ್ದಿ ಕೇಳಿ ಸೇರಿದ ಇಷ್ಟು ಜನ ನೋಡುತ್ತಿದ್ದಾರೆ ಅನ್ನುವ ನಾಚಿಕೆಯಿಲ್ಲದೆ ಅತ್ತರು. ನನಗೂ ತಡೆಯಲಾಗಲಿಲ್ಲ.

ಆ ಜನರ ಹಿಂದೆ ಮಾರಮ್ಮ ನಿಂತಿದ್ದಳು. ಯಾವಾಗ ಬಂದಳೋ ಕಾಣೆ.

"ಚಿಕ್ಕಬೋರಮ್ಮಕ್ಕ, ನೆನ್ನೆ ಬಾಯ್ ತಪ್ಪಿ ಅಂದ್ಬುಟ್ಟೆ. ನನ್ ಕೈಲಿ ಮಡುಗ್ದವು ಹೋದ್ಸಲ ಎಲ್ಲ ಕೊಳ್ತೋದವು. ಹ್ಯಾಟೆ ಬರೀ ಮಂಕ್ರೀಲಿ ಕೂತದೆ. ನೀನೇ ಬಂದು ಮೊಟ್ಟೆ ಮಡಗಕ್ಕ."

ನನ್ನ ನಾಲಿಗೆ ತುದಿಯಲ್ಲಿ ಮೂರು ಬೈಗುಳ ಸಿದ್ಧವಿದ್ದವು. ಅತ್ತೆ ಕಣ್ಣಲ್ಲೇ ಸುಮ್ಮನಿರು ಅಂದರು.

"ಮೊಟ್ಟೆ ಇನ್ನೊಂದ್ಸಲ ಆಗ್ಲಿ. ಈಗ ಇವುಕ್ಕೆ ಅವ್ವ ಬೇಕು. ನಿನ್ ಹ್ಯಾಟೆ ಕೆಳ್ಗೆ ಬುಡ್ತೀನಿ, ಒಪ್ತೀಯಾ?"

ಮಾರಮ್ಮನಿಗೆ ದಿಗಿಲಾಯಿತು. ನಮ್ಮ ಮನೆಯ ಮರಿ, ನಮ್ಮ ಮನೆಯ ರೋಗ. ಜನರ ಮುಖ ನೋಡಿದಳು, ಬೊಗಸೆಯಲ್ಲಿ ಕಿಚಿಕಿಚಿ ಅನ್ನುತ್ತಿದ್ದವನ್ನು ನೋಡಿದಳು. ಆಮೇಲೆ ಸೆರಗು ಒಡ್ಡಿದಳು. ಈಗ ನಮ್ಮ ಯಜಮಾನರೇ ಕೊಡಲು ಒಲ್ಲೆ ಅನ್ನುವ ಹಾಗೆ ಬೊಗಸೆ ಮುಚ್ಚಿದರು.

"ಕೊಡ್ಲಾ. ಎಷ್ಟ್ ದಿನ ಅಂತ ಹ್ಯಾಟೆ ಆಗಿದ್ದೀಯೆ?" ಅಂತ ಅತ್ತೆ ಗದರಿದರು. ಎರಡು ದಿನದಲ್ಲಿ ಅದು ಮೊದಲ ಗದರಿಕೆ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮಾರಮ್ಮನ ಮನೆಯ ಮೂಲೆಯಲ್ಲಿ ಮಂಕರಿ. ಕೆಂಪು ಹೇಂಟೆ ಮೈ ಉಬ್ಬಿಸಿಕೊಂಡು ಗುರ್ ಅಂದಿತು. ಅತ್ತೆ ಬಾಗಿ ಮಾರಮ್ಮನ ಸೆರಗಿನಿಂದ ಒಂದು ಮರಿ ಎತ್ತಿಕೊಂಡರು. ಈ ಸಲ ಕೈಗೆ ಸೆರಗು ಸುತ್ತಿರಲಿಲ್ಲ. ಆ ಕೈಯನ್ನು ಮಂಕರಿಯೊಳಗೆ ಇಳಿಸಿದರು. ಹೇಂಟೆ ಕುಕ್ಕಿತು, ಮಣಿಕಟ್ಟಿನಲ್ಲಿ ರಕ್ತ ಬಂತು. ಅತ್ತೆ ಕೈ ಹಿಂದಕ್ಕೆ ತೆಗೆಯಲಿಲ್ಲ. ಇನ್ನೊಮ್ಮೆ ಕುಕ್ಕಲು ಕತ್ತು ಎತ್ತಿದ ಹೇಂಟೆ, ಮರಿ ಕೂಗಿದ್ದು ಕೇಳಿ, ಅದಕ್ಕೆ ನುಸುಳಲು ಎಡೆಯಾಗುವ ಹಾಗೆ ರೆಕ್ಕೆ ಎತ್ತಿತು.